ಕಾಕಾ ಪಾಸು ಮಾಡದ ಲಾಡ್ಜುಗಳು

ನಮ್ಮ ಕಾಕಾನ ಜೊತೆ ಪ್ರವಾಸಕ್ಕೆ ಹೋಗಿ, ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡು, ಲಾಡ್ಜಿನಲ್ಲಿ ಕಾಲು ಚಾಚಿ ಮಲಗಿ, ನಗುನಗುತ್ತ ಮನೆಗೆ ಮರಳಿದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ. ಶಾಲು ಹೊದಿಸಿ, ಹಾರ ಹಾಕಿ, ನಾನೇ ಸನ್ಮಾನ ಮಾಡುತ್ತೇನೆ! ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ. ಅಂಥ ಒಂದು ಪ್ರವಾಸವನ್ನು ನಾನು ಮಾಡಿದ್ದೇನೆ. ಇಷ್ಟು ವರ್ಷಗಳ ಮೇಲೂ ನೆನೆದರೆ ಮೈ ಉರಿಯುತ್ತದೆ.

ಕಾಕಾ ದಾಂಡೇಲಿಯ ಒಂದು ಕಟ್ಟಿಗೆ ಡಿಪೋದಲ್ಲಿ ಮೂವತ್ತು ವರ್ಷ ದುಡಿದವರು. ಕಾಡಿನಿಂದ ಬಂದ ದಿಮ್ಮಿಗಳನ್ನು ಒಂದೊಂದಾಗಿ ಬಡಿದು, ಕಿವಿಗೊಟ್ಟು ಕೇಳಿ, ಒಳಗೆ ಗಟ್ಟಿಯೋ ಪೊಳ್ಳೋ ಎಂದು ಹೇಳುವುದು ಅವರ ಕೆಲಸ. ಅವರು 'ಪೊಳ್ಳು' ಎಂದ ದಿಮ್ಮಿಯನ್ನು ಕೊಯ್ದರೆ ಪೊಳ್ಳೇ ಇರುತ್ತಿತ್ತಂತೆ. ಇರಲಿ, ಸಂತೋಷ. ಆದರೆ ನಿವೃತ್ತಿಯಾಗಿ ಹಳಿಯಾಳದ ಮನೆಗೆ ಬಂದ ಮೇಲಾದರೂ ಬಡಿಯುವುದನ್ನು ನಿಲ್ಲಿಸಬೇಕೋ ಬೇಡವೋ? ಅವರ ಬಲಗೈ ನಡುಬೆರಳಿನ ಗೆಣ್ಣು ಯಾವಾಗಲೂ ಏನನ್ನಾದರೂ ಬಡಿಯುತ್ತಲೇ ಇರುತ್ತಿತ್ತು. ಕಲ್ಲಂಗಡಿ ಬಡಿಯುವುದು ಸರಿ, ಎಲ್ಲರೂ ಬಡಿಯುತ್ತಾರೆ. ಬಸ್ಸು ಬಡಿದು ಹತ್ತುವವರನ್ನು ಎಲ್ಲಾದರೂ ಕಂಡಿದ್ದೀರಾ? ಒಮ್ಮೆ ಕೆಮ್ಮು ಹೆಚ್ಚಾಗಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಕಾಕಾನ ಬೆನ್ನ ಮೇಲೆ ಬೆರಳಿಟ್ಟು ಟಕ್ ಟಕ್ ಎಂದು ಬಡಿದರು. ಕಾಕಾ ತಿರುಗಿ, "ಹಂಗಲ್ರೀ ಡಾಕ್ಟರ. ಬೆರಳ ಸಡಲ ಬಿಟ್ಟು ಗೆಣ್ಣಲೆ ಬಡೀರಿ, ಸಪ್ಪಳ ಸ್ವಚ್ಛ ಬರ್ತೈತಿ" ಎಂದು ಅವರಿಗೇ ಪಾಠ ಹೇಳಿದರು!

ನನಗೆ ಹೆಣ್ಣು ನೋಡಲು ಚಿಗಳ್ಳಿಗೆ ಹೋದಾಗಿನದಂತೂ ಕೇಳಲೇಬೇಡಿ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾರೆ, ಹುಡುಗಿ ತಲೆ ತಗ್ಗಿಸಿ ನಿಂತಿದ್ದಾಳೆ, ಕಾಕಾ ಮಾತ್ರ ಎದ್ದು ಬಾಗಿಲುವಾಡ, ಕಪಾಟು, ತೊಲೆಕಂಬ ಎಲ್ಲವನ್ನೂ ಬಡಿಯುತ್ತ ಮನೆಯೆಲ್ಲ ತಿರುಗಾಡಿದರು. ಹುಡುಗಿಯ ಅಪ್ಪ ಅಂಜುತ್ತ, "ಹೆಂಗನಸ್ತರೀ?" ಎಂದು ಕೇಳಿದರು. ಹುಡುಗಿಯ ವಿಷಯ ಕೇಳಿದ್ದು ಸ್ವಾಮಿ! ಕಾಕಾ, "ಬಾಗಲಾ ಭಾಳ ಚಲೋ ಐತ್ರಿ" ಎಂದರು. ಮದುವೆಯಾಗಿ ನಾಲ್ಕು ವರ್ಷವಾದರೂ ನನ್ನ ಹೆಂಡತಿ ಅದನ್ನು ಮರೆತಿರಲಿಲ್ಲ.

ಈಗ ಕಾಕು, ಅಂದರೆ ಕಾಕಾನ ಹೆಂಡತಿ, ನನ್ನ ಚಿಕ್ಕಮ್ಮ. ನಾನು ಹೈಸ್ಕೂಲು, ಕಾಲೇಜು ಓದಿದ್ದು ಹಳಿಯಾಳದಲ್ಲಿ, ಅವರ ಮನೆಯಲ್ಲಿ ಉಳಿದು. ಏಳು ವರ್ಷ ನಾನು ಏಳುವುದಕ್ಕೆ ಮೊದಲೇ ಎದ್ದು, ಒಲೆ ಹೊತ್ತಿಸಿ, ಚಹಾ ಇಟ್ಟು ಎಬ್ಬಿಸಿದವರು. ಒಮ್ಮೆ, ಏನು ಬೇಕು ಕೇಳು ಕಾಕು ಎಂದಾಗ ಅವರು ಹೇಳಿದ್ದು ಇಷ್ಟೇ: "ನನಗೇನ ಬ್ಯಾಡಪಾ ತಮ್ಮಾ. ಒಂದ ದಿವಸರ ಮುಂಜಾನೆದ್ದು, ಬ್ಯಾರೇದವರು ಮಾಡಿದ್ದ ಚಾ ಕುಡೀಬೇಕು. ನಾ ಮಾರಿ ತೊಕ್ಕೊಂಡ ಬರೂದ್ರಾಗ ಚಾ ಬಂದಿರಬೇಕು. ಅಷ್ಟ."

ಮುಂಡಗೋಡಿನಲ್ಲಿ ಮಾಸ್ತರಿಕೆ ಸಿಕ್ಕ ಮೇಲೆ ಆ ಒಂದು ಮುಂಜಾನೆಯನ್ನು ಕಾಕುಗೆ ಕೊಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅತ್ತಿವೇರಿಗೆ ಹಕ್ಕಿ ನೋಡಲು ಹೋಗೋಣ ಎಂದರೆ, ಬೇಡ. ಕೊನೆಗೆ ನನ್ನ ಬಾಡಿಗೆ ಮನೆಗಾದರೂ ಬನ್ನಿ ಎಂದರೆ, ಬಂದರು. ಬಂದ ದಿನವೇ ಸಂಜೆ ಬಸ್ಸಿಗೆ ವಾಪಸ್ಸು ಹೊರಟರು. "ನಿಮ್ಮ ಕಾಕಾಗ ಬ್ಯಾರೆ ಕಡೆ ನಿದ್ದಿ ಹತ್ತೂದಿಲ್ಲಪಾ" ಎಂದು ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು. ನೋಡಿದಿರಾ! ಈ ಮನುಷ್ಯನ ನಿದ್ದೆಗಾಗಿ ಆ ಹೆಣ್ಣುಮಗಳು ಒಂದು ಕಪ್ಪು ಚಹಾ ಬಿಟ್ಟುಕೊಡಬೇಕು! ಅಂದಿನಿಂದಲೇ ನನ್ನ ಸಿಟ್ಟು ಕಾಯುತ್ತಿತ್ತು.

ಅಂಥದ್ದರಲ್ಲಿ ಆ ವರ್ಷ ಮೇ ರಜೆಯಲ್ಲಿ ಕಾಕಾ ತಾವೇ ಪತ್ರ ಬರೆದರು. 'ಈ ಸಲ ಪ್ರವಾಸಕ್ಕೆ ಬರುತ್ತೇವೆ. ತಯಾರಿ ಆಗಿದೆ' ಎಂದು ಎರಡೇ ಸಾಲು. ನಾನೂ ಹೆಂಡತಿಯೂ ಕುಣಿದುಬಿಟ್ಟೆವು. ಹಳಿಯಾಳಕ್ಕೆ ಹೋಗಿ ಇಮಾಮಸಾಬರ ಜೀಪು ಗೊತ್ತುಮಾಡಿದೆ. ದಾಂಡೇಲಿ, ಗಣೇಶಗುಡಿ, ಜೋಯಿಡಾ ಸುತ್ತುವುದು, ಒಳ್ಳೆಯ ಕಡೆ ಊಟ, ಮನಸ್ಸಿಗೆ ಬಂದ ಕಡೆ ಒಂದು ರಾತ್ರಿ ಮುಕ್ಕಾಮು.

ಹೊರಡುವಾಗ ಕಾಕಾ ಒಳಗಿನಿಂದ ಒಂದು ಗೋಣಿಚೀಲ ಎಳೆದು ತಂದರು. ಬಾಯಿಯನ್ನು ದಬ್ಬಣದಿಂದ ಗಟ್ಟಿಯಾಗಿ ಹೊಲಿದಿದ್ದರು.

"ಏನ್ರೀ ಕಾಕಾ ಇದು?"

"ಕಟ್ಟಿಗಿ."

"ದಾಂಡೇಲಿ ಅಡವಿಗೆ ನಾವು ಹಳಿಯಾಳದಿಂದ ಕಟ್ಟಿಗಿ ಒಯ್ಯೂದಾ?"

"ಬೇಕಾಗ್ತೈತಿ. ಮ್ಯಾಲೆ ಕಟ್ಟಸು." ಇಷ್ಟು ಹೇಳಿ, ಹಿತ್ತಲ ಬಾಗಿಲು ಹಾಕಲು ಒಳಗೆ ಹೋದರು.

ಮುಟ್ಟಿ ನೋಡಿದೆ. ಹಲಗೆ, ಕೋಲು. ಕಟ್ಟಿಗೆಯೇ! ಪ್ರವಾಸದಲ್ಲೂ ಬಡಿದು ನೋಡಲು ಮನೆಯಿಂದಲೇ ಮಾಲು ಒಯ್ಯುವ ಪುಣ್ಯಾತ್ಮ! ಜೀಪಿನ ಮೇಲೆ ಆಗಲೇ ಸ್ಟೆಪ್ನಿ, ಟ್ರಂಕು, ಹಾಸಿಗೆ ಸುರುಳಿ ತುಂಬಿದ್ದವು. ನಾನು ಇಮಾಮಸಾಬರಿಗೆ ಕಣ್ಸನ್ನೆ ಮಾಡಿ, ಚೀಲವನ್ನು ಪಡಸಾಲೆಯ ಮೂಲೆಗೆ ತಳ್ಳಿ, ಮೇಲೆ ಒಂದು ಚಾಪೆ ಮುಚ್ಚಿ, ಏನೂ ಅರಿಯದವನಂತೆ ಜೀಪು ಹತ್ತಿ ಕೂತೆ. ಅಂದು ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು ಎಂದು ದಿನವೆಲ್ಲ ಬೀಗಿದೆ.

ದಾಂಡೇಲಿ ಮುಟ್ಟಿದಾಗ ಎಲ್ಲರಿಗೂ ಹಸಿವು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು. ಒಳಗಿನಿಂದ ಪೂರಿ ಕರಿಯುವ ವಾಸನೆ ಬರುತ್ತಿದೆ. ಕಾಕಾ ಟೇಬಲ್ಲು ಬಡಿದರು, ಪಾಸು. ಗೋಡೆ ಬಡಿದರು, ಪಾಸು. ಮೀಸೆಯ ಸಪ್ಲೈಯರು ಬಂದು ನಿಂತ. ಕಾಕಾ ಅವನನ್ನು ಬಡಿಯಲಿಲ್ಲ ಎಂಬುದೇ ದೊಡ್ಡದು.

"ನೀ ಇವತ್ತ ಏನ ತಿಂದಿಪಾ?" ಎಂದು ಕೇಳಿದರು.

"ನಾನ್ರೀ? ನಾ ಮನ್ಯಾಗ ರೊಟ್ಟಿ ತಿಂದ ಬಂದೇನ್ರಿ."

ಕಾಕಾ ಎದ್ದೇಬಿಟ್ಟರು. "ಏಳ್ರಿ ಏಳ್ರಿ. ಇವನ ಇಲ್ಲಿ ತಿನ್ನೂದಿಲ್ಲ, ನಾವ್ಯಾಕ ತಿನ್ನೂಣು?"

ಹೊರಗೆ ಬಂದವರು ಜೀಪಿನ ಮೇಲೆ ನೋಡಿದರು. ಸುತ್ತು ಹಾಕಿ ಆ ಕಡೆಯಿಂದಲೂ ನೋಡಿದರು. "ಚೀಲ ಎಲ್ಲೈತಿ?"

"ಮನ್ಯಾಗ ಐತ್ರಿ. ಜಾಗಾ ಇರಲಿಲ್ಲ."

ಕಾಕಾ ಬಂದ ದಾರಿಯತ್ತ ತಿರುಗಿ ನೋಡಿದರು. ಆಮೇಲೆ ಮೆತ್ತಗೆ, "ವಾಪಸ್ ಹೋಗಿ ತರೂಣು" ಎಂದರು.

"ಒಂದ ಚೀಲ ಕಟ್ಟಿಗಿ ಸಲುವಾಗಿ ಹಳಿಯಾಳತನಾ ವಾಪಸ್ಸಾ? ಜನಾ ನಗತಾರ್ರೀ ಕಾಕಾ!"

ಅವರು ಬಾಯಿ ತೆರೆದರು. ಅಷ್ಟರಲ್ಲಿ ಜೀಪಿನೊಳಗಿಂದ ಕಾಕು, "ಬ್ಯಾಡ ಬಿಡ್ರಿ. ಹೋಗಲಿ ಬಿಡ್ರಿ" ಎಂದು ಅವಸರವಾಗಿ ಹೇಳಿದರು. ಕಾಕಾ ಬಾಯಿ ಮುಚ್ಚಿದರು. ಹೆಂಡತಿಯ ಮಾತು ಒಮ್ಮೆಯಾದರೂ ಕೇಳಿದರಲ್ಲ ಎಂದು ನನಗೆ ಖುಷಿಯಾಯಿತು.

ಖುಷಿ ಹತ್ತು ನಿಮಿಷವೂ ಉಳಿಯಲಿಲ್ಲ. ಮೊದಲು ಉಳಿಯುವ ಜಾಗ ನೋಡಿಯೇ ಊಟ ಎಂದು ಕಾಕಾ ಹಟ ಹಿಡಿದರು. ಮೊದಲನೆಯ ಲಾಡ್ಜಿನಲ್ಲಿ ರೂಮು ಮೇಲಿನ ಅಂತಸ್ತಿನಲ್ಲಿ. ಕಾಕಾ ಮೆಟ್ಟಿಲು ಎಣಿಸುತ್ತ ಹತ್ತಿದರು, "ಇಪ್ಪತ್ತೆರಡು." ಒಳಗೆ ಹೋದವರು ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ನೇರ ಬಚ್ಚಲಿನ ಬಾಗಿಲು ತೆರೆದು ಇಣುಕಿ ಬಂದರು. ಆಮೇಲೆ ದಿಂಬನ್ನೆತ್ತಿ ಮೂಸಿ, "ಬ್ಯಾಡ. ಈ ದಿಂಬಿನ ಮ್ಯಾಲೆ ಯಾರೋ ಅತ್ತು ಹೋಗ್ಯಾರ" ಎಂದರು.

"ಅಜ್ಜಾರ, ಅದು ತಲಿಗೆ ಹಚ್ಚಿದ್ದ ಎಣ್ಣಿ ಕಲೆರೀ!" ಎಂದು ಮ್ಯಾನೇಜರು ಬಾಯಿ ಬಡಿದುಕೊಂಡ. ಕಾಕಾ ಆಗಲೇ ಹದಿನೈದನೆಯ ಮೆಟ್ಟಿಲು ಇಳಿದಿದ್ದರು.

ಎರಡನೆಯದು ಕಾಳಿ ನದಿಯ ದಂಡೆಗೆ ಕಟ್ಟಿದ ಕಾಟೇಜು. ಅದೆಂಥ ಜಾಗ! ಬಿದಿರಿನ ಮೆಳೆ, ಹೊಳೆಯ ಗಾಳಿ, ಒಂದೇ ಒಂದು ಮೆಟ್ಟಿಲು. ನನ್ನ ಹೆಂಡತಿ ಆಗಲೇ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಕಾಕಾ ಇಲ್ಲೂ ಬಚ್ಚಲಿಗೆ ಇಣುಕಿದರು. ಹೊರಗೆ ಬಂದು ಹೊಳೆಯನ್ನು ದಿಟ್ಟಿಸಿ, "ಬ್ಯಾಡ. ಆ ಮೊಸಳಿ ನನ್ನ ನೋಡಿ ಕಣ್ಣ ಹೊಡೀತು" ಎಂದರು.

ಇಮಾಮಸಾಬರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಕಾಕಾರ, ಅದು ಕಲ್ಲರೀ" ಎಂದರು.

"ಕಲ್ಲು ಕಣ್ಣ ಹೊಡದ್ರ ಇನ್ನೂ ಕೆಟ್ಟ! ನಡೀರಿ!"

ಹೇಳಿ, ಇಂಥವರನ್ನು ಏನು ಮಾಡಬೇಕು? ಮೊಸಳೆಗೇ ಒಪ್ಪಿಸಿ ಬರಬೇಕೆನಿಸಿತು. ಮಧ್ಯಾಹ್ನ ಒಂದು ಗಂಟೆ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಇಮಾಮಸಾಬರು ತಮಗೆ ಗೊತ್ತಿದ್ದ ಒಂದು ಖಾನಾವಳಿಗೆ ಕರೆದೊಯ್ದರು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕಾಕಾ ಖಡಕ್ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದರು. ಆ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಸಮಾಧಾನ ಕಂಡಿತು. "ಚಲೋ ಐತಿ. ಒಳಗ ಪೂರಾ ಗಟ್ಟಿ." ನಾನು ದೇವರಿಗೆ ಕೈ ಮುಗಿದು ಕೈ ತೊಳೆಯಲು ಹೋದೆ. ಬರುವುದರೊಳಗೆ ಕಾಕಾ ಹೊರಗೆ ನಿಂತಿದ್ದಾರೆ! ಯಾಕೆಂದರೆ ಅಲ್ಲಿ ಮೇಜು ಕುರ್ಚಿ ಇಲ್ಲವಂತೆ, ನೆಲದ ಮೇಲೆ ಪಟ್ಟೆ ಹಾಸಿದ್ದಾರಂತೆ. "ರೊಟ್ಟಿ ಚಲೋ ಐತಿ. ನೆಲ ಚಲೋ ಇಲ್ಲ" ಎಂದರು. ಆಯುಷ್ಯವಿಡೀ ಮನೆಯಲ್ಲಿ ನೆಲದ ಮೇಲೆ ಉಂಡ ಮನುಷ್ಯ!

ಕೊನೆಗೆ ಇಮಾಮಸಾಬರು ನಮ್ಮ ಸ್ಥಿತಿ ನೋಡಲಾರದೆ ಮಿರ್ಚಿ ಭಜಿಯನ್ನೂ ಚುರುಮುರಿಯನ್ನೂ ಕಾಗದದಲ್ಲಿ ಕಟ್ಟಿಸಿಕೊಂಡು ಬಂದರು. ಜೀಪಿನಲ್ಲೇ ಕೂತು ತಿಂದೆವು. ಕಾಕು ಕಾಲು ಇಳಿಬಿಟ್ಟುಕೊಂಡು ಕೂತು ನಾಲ್ಕು ಕಾಳು ಚುರುಮುರಿ ಬಾಯಿಗೆ ಹಾಕಿಕೊಂಡರು. ನೀರು ಕೊಟ್ಟರೆ ಬೇಡವೆಂದರು. ಚಹಾ ತರಿಸಲೇ ಎಂದರೆ ಅದೂ ಬೇಡ. "ಮುಂಜಾನಿಂದ ಒಂದ ಹನಿ ನೀರ ಕುಡಿದಿಲ್ರೀ ಅವರು. ತುಟಿ ಒಣಗ್ಯಾವ ನೋಡ್ರಿ" ಎಂದು ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. ಗಂಡನ ಮೇಲಿನ ಸಂಕಟಕ್ಕೆ ನೀರನ್ನೂ ಬಿಟ್ಟಿದ್ದಾರೆ ಎಂದು ನನಗೆ ಅನ್ನಿಸಿತು. ಹೊಟ್ಟೆಯಲ್ಲಿದ್ದ ಮಿರ್ಚಿಗಿಂತ ಹೆಚ್ಚು ಆ ಮಾತು ಉರಿಯಿತು.

ಗಣೇಶಗುಡಿಯಲ್ಲಿ ಒಂದು ಮನೆ ಸಿಕ್ಕಿತು. ಹೋಮ್‌ಸ್ಟೇ ಎಂಬ ಶಬ್ದ ಆಗಿನ್ನೂ ಆ ಕಡೆ ಹೊಸದು. ಕೊಂಕಣಿ ಮಾತಾಡುವ ಒಬ್ಬ ಹೆಣ್ಣುಮಗಳು, ಆ ಕಡೆಯ ಮಾತಿನಲ್ಲಿ ಬಾಯಿ, ತಮ್ಮ ಮನೆಯ ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಿದ್ದರು. ಸೆಗಣಿ ಸಾರಿಸಿದ ಅಂಗಳ, ಹಲಸಿನ ಮರ, ಒಳಗಿನಿಂದ ತೆಂಗಿನಕಾಯಿ ಹುರಿದ ವಾಸನೆ. ಕಾಕಾ ಕಂಬ ಬಡಿದರು. "ಮತ್ತಿ ಕಟ್ಟಿಗಿ. ಇನ್ನ ನೂರ ವರ್ಷ ಏನೂ ಆಗೂದಿಲ್ಲ." ಮಂಚ ಬಡಿದರು, ತಲೆಯಾಡಿಸಿದರು. ನನ್ನ ಹೆಂಡತಿ ಚೀಲ ಇಳಿಸತೊಡಗಿದಳು. ಆ ಬಾಯಿ ದೊಡ್ಡ ಲೋಟಗಳಲ್ಲಿ ತಣ್ಣನೆಯ ಕೋಕಂ ಶರಬತ್ತು ತಂದಿಟ್ಟರು. ಕಾಕು ಲೋಟವನ್ನು ಕೈಗೆ ತೆಗೆದುಕೊಂಡರು, ಅದರ ತಂಪನ್ನು ಕೆನ್ನೆಗೆ ಒತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಅಷ್ಟರಲ್ಲಿ ಹಿತ್ತಲಿಗೆ ಹೋಗಿದ್ದ ಕಾಕಾ ಬಂದರು.

"ಬ್ಯಾಡ."

"ಯಾಕ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಕಾಕಾ ಆಚೀಚೆ ನೋಡಿದರು. ಅಂಗಳದಲ್ಲಿ ಒಂದು ಹುಂಜ ಕಾಳು ಹೆಕ್ಕುತ್ತಿತ್ತು. "ಆ ಹುಂಜದ ಮಾರಿ ನನಗ ಸೇರಲಿಲ್ಲ" ಎಂದರು.

ಜೋಯಿಡಾದಲ್ಲಿ ಇದ್ದದ್ದು ಒಂದೇ ಲಾಡ್ಜು. ಕಾಕಾ ಅಲ್ಲಿಯೂ ಹಿಂದೆ ಹೋಗಿ ಇಣುಕಿ ಬಂದು ತಲೆ ಅಲ್ಲಾಡಿಸಿದರು. ಈ ಸಲ ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಸಂಜೆ ನಾಲ್ಕೂವರೆ. ನಾನು ರಸ್ತೆಯ ಮೇಲೇ ಕೂಗಾಡಿದೆ. ಎಲ್ಲ ಹೇಳಿದೆ. ಏಳು ವರ್ಷದ ಚಹಾ ಹೇಳಿದೆ, ಅತ್ತಿವೇರಿ ಹೇಳಿದೆ, ಸಂಜೆ ಬಸ್ಸು ಹೇಳಿದೆ. "ಜೀವಮಾನದಾಗ ಒಂದ ಮುಂಜಾನೆ ಕೇಳ್ಯಾಳ್ರೀ ಕಾಕು! ಅದನ್ನೂ ಕೊಡೂದಿಲ್ಲ ನೀವು. ಮೂವತ್ತ ವರ್ಷ ಅಡವ್ಯಾಗಿನ ಕಟ್ಟಿಗಿ ಬಡದ್ರಿ, ಒಮ್ಮೆರ ನಿಮ್ಮ ಎದಿ ಬಡಕೊಂಡ ನೋಡ್ರಿ. ನೀವ ಪೊಳ್ಳು!"

ಚಹಾದಂಗಡಿಯ ಮಂದಿಯೆಲ್ಲ ನಮ್ಮನ್ನೇ ನೋಡುತ್ತಿದ್ದರು. ಕಾಕು ಜೀಪಿನೊಳಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕಾಕಾ ಬೆರಳು ಮಡಚಿ ಜೀಪಿನ ಬಾನೆಟ್ಟಿಗೆ ತಂದರು, ಬಡಿಯಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡರು.

"ವಾಪಸ್ ಹೋಗೂಣು" ಎಂದರು.

ಹಳಿಯಾಳ ಮುಟ್ಟಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಮನೆಯ ಬಾಗಿಲು ತೆಗೆದದ್ದೇ ಕಾಕು ಗೋಡೆ ಹಿಡಿದುಕೊಂಡು ಹಿತ್ತಲ ಕಡೆ ನಡೆದರು. ಕಾಕಾ ಅವರ ರಟ್ಟೆ ಹಿಡಿದುಕೊಂಡು ಜೊತೆಗೆ ಹೋದರು.

ನನ್ನ ಸಿಟ್ಟು ಇಳಿದಿರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಚಾಪೆಯ ಕೆಳಗೆ ಆ ಚೀಲ ಕಂಡಿತು. ಇದೇ, ಇದೇ ಕಟ್ಟಿಗೆ! ಇವತ್ತು ಇದನ್ನು ಒಲೆಗೆ ಹಾಕದಿದ್ದರೆ ನನ್ನ ಹೆಸರು ಬೇರೆ ಇಡಿ ಎಂದು ಹೊಲಿಗೆ ಕಿತ್ತು, ನೆಲದ ಮೇಲೆ ಸುರಿದೆ. ನಾಲ್ಕು ಕಾಲುಗಳು, ಕಾಲಿಗೆ ರಬ್ಬರಿನ ಟೋಪಿ. ಎರಡು ಕೈಹಿಡಿಕೆ, ಅದಕ್ಕೆ ಕಾಕುವಿನ ಹಳೆಯ ಸೀರೆಯ ಬಟ್ಟೆ ಸುತ್ತಿ ಬಿಗಿಯಾಗಿ ಹೊಲಿದದ್ದು. ಕೊನೆಗೆ ಒಂದು ಅಗಲವಾದ ಸಾಗವಾನಿ ಹಲಗೆ, ನಟ್ಟನಡುವೆ ದುಂಡಗೆ ಕೊರೆದದ್ದು. ಕೊರೆದ ಅಂಚನ್ನು ಎಷ್ಟು ದಿನ ಉಜ್ಜಿದ್ದರೋ, ಬೆರಳಾಡಿಸಿದರೆ ಎಲ್ಲಿಯೂ ಏನೂ ತಾಗಲಿಲ್ಲ. ನೀರು ಕುಡಿಯದಂತೆ ಬಣ್ಣ ಬೇರೆ ಬಳಿದಿದ್ದರು.

ನಾನು ಹಲಗೆ ಹಿಡಿದುಕೊಂಡು ಮಂಕನಂತೆ ನಿಂತೆ. ನನ್ನ ಹೆಂಡತಿ ಕೆಳಗೆ ಕೂತು ಕಾಲುಗಳನ್ನು ಒಂದೊಂದಾಗಿ ಜೋಡಿಸಿದಳು. ಎಲ್ಲ ಸಲೀಸಾಗಿ ಕೂತವು. ಒಂದು ಕುರ್ಚಿಯಾಯಿತು.

"ಸಂಡಾಸಕ್ಕ ಇಡೂ ಕುರ್ಚಿರೀ ಇದು" ಎಂದಳು. "ಕಾಕುಗ ಮೊಣಕಾಲ ಮಡಚಾಕ ಬರೂದಿಲ್ಲ."

ಹಿಂದೆ ಸದ್ದಾಯಿತು. ಕಾಕು ಬಾಗಿಲಲ್ಲಿ ನಿಂತಿದ್ದರು. ಕುರ್ಚಿಯನ್ನು ನೋಡಿ ಮುಖ ಆಚೆ ತಿರುಗಿಸಿದರು. "ಎರಡ ವರ್ಷಾತಪಾ, ಕುಕ್ಕರಗಾಲಲೆ ಕೂಡಾಕ ಆಗೂದಿಲ್ಲ. ಮನ್ಯಾಗ ಅಂಥಾದ ಒಂದ ಹಿತ್ತಲದಾಗ ಐತಿ, ಯಾರರ ಬಂದ್ರ ಮುಚ್ಚಿ ಇಡಸ್ತೇನಿ. ಇದು ಊರಿಗೆ ಒಯ್ಯಾಕಂತ ಹೊಸಾದು ಮಾಡ್ಯಾರ. ನಾನ ಆಣಿ ಹಾಕಿದ್ನಿ, ಯಾರಿಗೂ ಹೇಳಬ್ಯಾಡ್ರಿ ಅಂತ. ಸೊಸಿ ಮುಂದ, ಡ್ರೈವರ ಮುಂದ ಹೆಂಗ ಹೇಳೂದು? ನಾಚಿಕಿ ಆಗ್ತೈತಿ."

ಇಪ್ಪತ್ತೆರಡು ಮೆಟ್ಟಿಲು, ಪಟ್ಟೆ ಹಾಸಿದ ನೆಲ, ಕೆಳಗಿಟ್ಟ ಶರಬತ್ತು, ಎಲ್ಲ ಒಮ್ಮೆಲೇ ನನ್ನ ಮೇಲೆ ಬಂದು ಬಿದ್ದವು. ಹೋದ ಕಡೆಯೆಲ್ಲ ಬಚ್ಚಲು, ಪಾಯಖಾನೆಗೆ ಇಣುಕಿ, ಕುರ್ಚಿಯಂಥದ್ದು ಎಲ್ಲಿಯೂ ಕಾಣದೆ, ಆಣೆ ಮುರಿಯಲಾರದೆ, ದಿಂಬಿನ ಮೇಲೆ, ಮೊಸಳೆಯ ಮೇಲೆ, ಪಾಪದ ಹುಂಜದ ಮೇಲೆ ತಪ್ಪು ಹೊರಿಸಿ, ನನ್ನ ಬೈಗುಳವನ್ನೆಲ್ಲ ನುಂಗಿದ್ದರು. ಇಡೀ ದಿನ ಹುಡುಕಿದ್ದನ್ನು ನಾನೇ ಚಾಪೆ ಮುಚ್ಚಿ ಇಟ್ಟಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ? ಮೊದಲೇ ಹೇಳಿದೆನಲ್ಲ, ಈಗಲೂ ಮೈ ಉರಿಯುತ್ತದೆ ಎಂದು. ಅದು ಈ ಉರಿ.

ಕಾಕಾ ಬಂದಾಗ ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ನೆತ್ತಿಯ ಮೇಲೆ ಗೆಣ್ಣಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿದರು.

"ಗಟ್ಟಿ ಐತಿ" ಎಂದರು. "ಒಂದ ಕಡೆ ಸ್ವಲ್ಪ ಹುಳಾ ಹಿಡದೈತಿ, ಅಷ್ಟ."

ಮರುದಿನ ಎಲ್ಲಕ್ಕೂ ಮೊದಲು, ಕುರ್ಚಿಯನ್ನು ಬಿಚ್ಚಿ ಮತ್ತೆ ತುಂಬಿದ ಆ ಚೀಲವನ್ನು ನಾನೇ ಜೀಪಿನ ಮೇಲೆ ಹತ್ತಿಸಿ, ಮೂರು ಸುತ್ತು ಹಗ್ಗ ಬಿಗಿದೆ. ಅದರಲ್ಲಿ ಅಂಥದ್ದೇನಿದೆ ಎಂದು ಇಮಾಮಸಾಬರು ಕೇಳಿದರು. "ಕಟ್ಟಿಗಿ" ಎಂದೆ. ಗಣೇಶಗುಡಿಯ ಆ ಮನೆಯನ್ನು ಕಾಕಾ ಜೀಪಿನಿಂದ ಇಳಿಯುವ ಮೊದಲೇ ಪಾಸು ಮಾಡಿದರು. ಹುಂಜವನ್ನು ಕಂಡು, "ಭಾಳ ಸಂಭಾವಿತ ಐತಿ" ಎಂದು ಸರ್ಟಿಫಿಕೇಟು ಬೇರೆ ಕೊಟ್ಟರು.

ಅದರ ಮರುದಿನ ಮುಂಜಾನೆ ನಾನು ಎದ್ದು ಬಂದಾಗ ಕಾಕು ಜಗುಲಿಯ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಮುಖ ತೊಳೆದ ನೀರು ಇನ್ನೂ ಹಣೆಯ ಮೇಲಿತ್ತು. ಕೈಯಲ್ಲಿ ಬಿಸಿ ಚಹಾ. ಪಕ್ಕದಲ್ಲಿ ಕಾಕಾ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಏನನ್ನೂ ಬಡಿಯದೆ, ಕಾಕು ಕುಡಿಯುವುದನ್ನೇ ನೋಡುತ್ತಿದ್ದರು. ಕಾಕು ಸಾವಕಾಶವಾಗಿ ಕೊನೆಯ ಗುಟುಕು ಮುಗಿಸಿದರು. ಒಳಗಿದ್ದ ಮನೆಯೊಡತಿ ಬಾಯಿಯತ್ತ ಖಾಲಿ ಕಪ್ಪು ಚಾಚಿ, ಒಂದಿಷ್ಟೂ ಅಂಜದೆ, "ಇನ್ನೊಂದ ಕಪ್ ಕೊಡ್ತೀರೇನವಾ?" ಎಂದು ಕೇಳಿದರು.